ಅಮ್ಮನ ಬಾಳೆಲೆಯ ಮೇಲೊಂದು ಸಿಗರೇಟು

ನಮ್ಮ ಅಮ್ಮ ಕೊನೆಗಾಲದಲ್ಲಿ ಸಿಗರೇಟು ಸೇದುತ್ತಿದ್ದಳು ಎಂದು ಡೊಂಬಿವಲಿಯ ನಮ್ಮ ಬಳಗದವರೆಲ್ಲ ನಂಬಿದ್ದಾರೆ. ಕೆಲವರು ಅದನ್ನು ಪ್ರೀತಿಯಿಂದಲೇ ಹೇಳಿ ನಗುತ್ತಾರೆ. ಕೆಲವರು ನನ್ನ ಮುಖ ಕಂಡೊಡನೆ ಮಾತು ಬದಲಿಸುತ್ತಾರೆ. ಅವಳು ಸೇದಿರಲಿಲ್ಲ. ಒಂದು ಸಲವೂ ಇಲ್ಲ. ಅಗರಬತ್ತಿಯ ಹೊಗೆ ಮೂಗಿಗೆ ಬಡಿದರೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ ಹೆಂಗಸು ಅವಳು. ಈ ಒಂದು ವಿಷಯ ಸರಿಯಾಗಲಿ ಎಂದೇ ಇವತ್ತು ಬರೆಯುತ್ತಿದ್ದೇನೆ. ಲೋಕಲ್ ಗಾಡಿಯ ಸೀಟಿನ ಜಗಳ, ಸೊಸೈಟಿ ಮೀಟಿಂಗಿನ ಜಗಳ ಬರೆದು ನಿಮ್ಮನ್ನು ನಗಿಸುವವಳು ನಾನು. ಇವತ್ತು ನಗು ಕಡಿಮೆ. ಬೇಡದವರು ಮುಂದಕ್ಕೆ ಸರಿಸಿಬಿಡಿ.

ಅಮ್ಮ ತಿನ್ನುತ್ತಿದ್ದದ್ದು ಎಲೆ ಅಡಿಕೆ. ಜೊತೆಗೆ ಹೊಗೆಸೊಪ್ಪು. ಉಡುಪಿ ಕಡೆಯ ನಮ್ಮಂಥವರ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂದವರಿಗೆ ನೀರು ಕೊಟ್ಟ ಮೇಲೆ ಎಲೆಯ ತಟ್ಟೆ ಮುಂದಿಡುತ್ತಾರೆ, ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪಿನ ತುಂಡೂ ಇರುತ್ತದೆ. ತಮಾಷೆ ನೋಡಿ, ಅದು ತಂಬಾಕು ಎಂದು ನಮಗೆ ಯಾರಿಗೂ ಅನ್ನಿಸಿಯೇ ಇರಲಿಲ್ಲ. ತಂಬಾಕು ಎಂದರೆ ಸಿಗರೇಟು, ಬೀಡಿ, ರಸ್ತೆಯಲ್ಲಿ ಉಗುಳುವವರ ಗುಟ್ಕಾ. ನನ್ನ ಅಣ್ಣ ಡೊಂಬಿವಲಿ ಪೂರ್ವದಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲು ನಡೆಸುತ್ತಾನೆ. ಅಡಿಗೆಯವರ ಕಿಸೆಯಲ್ಲಿ ಗುಟ್ಕಾ ಚೀಟಿ ಸಿಕ್ಕಿದರೆ ಅವತ್ತೇ ಲೆಕ್ಕ ಚುಕ್ತಾ ಮಾಡಿ ಕಳಿಸುವವನು. ಅದೇ ಅಣ್ಣ ಮನೆಗೆ ಬಂದು, ಅಮ್ಮನ ಹೊಗೆಸೊಪ್ಪು ಮುಗಿದಿದೆಯಾ ಎಂದು ತಾನೇ ನೆನಪಿಟ್ಟು ಕೇಳುತ್ತಿದ್ದ. ಎರಡೂ ಒಂದೇ ಗಿಡ ಎಂದು ಅವನಿಗೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದ.

ಅಮ್ಮ ಅಣ್ಣನ ಮನೆಯಲ್ಲಿದ್ದಳು. ಹಲ್ಲು ಉದುರಿದ ಮೇಲೆ ಅವಳಿಗೆ ಎಲ್ಲವನ್ನೂ ಒಂದು ಸಣ್ಣ ಹಿತ್ತಾಳೆ ಕುಟ್ಟಾಣಿಯಲ್ಲಿ ಕುಟ್ಟಿ ಕೊಡಬೇಕಿತ್ತು. ಆ ಕೆಲಸ ಅಣ್ಣನ ಮಗನದು. ಶಾಲೆಯಿಂದ ಬಂದು, ಕೈಕಾಲು ತೊಳೆದು, ಅಜ್ಜಿಯ ಮಂಚದ ಪಕ್ಕ ನೆಲದಲ್ಲಿ ಕೂತು ಕುಟ್ಟುತ್ತಿದ್ದ. ಅವಳು ತುಳುವಿನಲ್ಲಿ ಏನೇನೋ ಹೇಳುತ್ತಿದ್ದಳು. ಅವನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ಇಬ್ಬರಿಗೂ ಅದರಿಂದ ತೊಂದರೆ ಇರಲಿಲ್ಲ. ಶಾಲೆಯಲ್ಲಿ ಯಾರು ಯಾರಿಗೆ ಹೊಡೆದರು, ಯಾವ ಟೀಚರಿಗೆ ಮದುವೆ ಗೊತ್ತಾಯಿತು ಎಂಬುದೆಲ್ಲ ಅಮ್ಮನಿಗೆ ತಿಳಿದಿರುತ್ತಿತ್ತು. ಅತ್ತಿಗೆಗೆ ಮಾತ್ರ ಪರೀಕ್ಷೆಯ ಮಾರ್ಕೂ ತಡವಾಗಿ ಗೊತ್ತಾಗುತ್ತಿತ್ತು.

ಹೊಗೆಸೊಪ್ಪು ತರುವವನೂ ಅವನೇ. ಸ್ಟೇಷನ್ನಿನ ಹತ್ತಿರ ಊರಿನ ಸಾಮಾನು ಮಾರುವ ಅಂಗಡಿಯೊಂದಿದೆ. ಕುಚ್ಚಲಕ್ಕಿ, ತೆಂಗಿನೆಣ್ಣೆ, ವಾರಕ್ಕೊಮ್ಮೆ ಊರಿನ ಎಲೆ. ಟ್ಯೂಷನ್ ಮುಗಿಸಿ ಬರುವ ದಾರಿಯಲ್ಲೇ ಅದು. ಮಕ್ಕಳಿಗೆ ತಂಬಾಕು ಮಾರಬಾರದು ಎಂದು ಅಂಗಡಿಯವರಿಗೆ ಗೊತ್ತಿಲ್ಲದೇನಲ್ಲ. ಆದರೆ ಇದು ಅಜ್ಜಿಯದಲ್ಲವೇ? ಕೇಳುವ ಮೊದಲೇ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ಅವನು ಬ್ಯಾಗಿನ ಪಕ್ಕದ ಜಿಪ್ಪಿನಲ್ಲಿ ಹಾಕಿಕೊಂಡು ಬರುತ್ತಿದ್ದ.

ಅವನು ಒಂಬತ್ತನೆಯಲ್ಲಿದ್ದಾಗ ಅವನ ಶಾಲೆ ತಂಬಾಕುಮುಕ್ತ ಶಾಲೆಯಾಯಿತು. ಗೇಟಿಗೆ ಬೋರ್ಡು ಬಂತು. ಕಾಯಿದೆಯಂತೆ ರಸ್ತೆಯನ್ನು ಅಳೆದು, ಇಲ್ಲಿಂದ ಒಳಗೆ ತಂಬಾಕು ಮಾರುವ ಹಾಗಿಲ್ಲ ಎಂದು ಹಳದಿ ಗೆರೆ ಎಳೆದರು. ಗೇಟಿನ ಎದುರಿಗಿದ್ದ ಪಾನ್ ಟಪರಿ ಎಂಬ ಗೂಡಂಗಡಿ ಗೆರೆಯ ಆಚೆಗೆ ಹೋಯಿತು. ಆಚೆಗೆ ಎಂದರೆ ಗೆರೆಗೆ ತಾಗಿಕೊಂಡೇ. ಸೋಮವಾರಗಳಂದು ಬ್ಯಾಗು ತಪಾಸಣೆ ಶುರುವಾಯಿತು. ಒಬ್ಬ ಸರ್ ಹುಡುಗರನ್ನು ಸಾಲಾಗಿ ನಿಲ್ಲಿಸಿ ಬೆರಳು ಮೂಸಿ ನೋಡುತ್ತಿದ್ದರಂತೆ. ಸಿಗರೇಟಿನ ವಾಸನೆ ಬೆರಳಿನಿಂದ ಬೇಗ ಹೋಗುವುದಿಲ್ಲವಲ್ಲ. ಮೊದಲ ಸಲ ಸಿಕ್ಕಿದರೆ ಕೆಲವು ದಿನ ಮನೆಗೆ, ವಾಪಸು ಬಂದ ಮೇಲೆ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಪ್ರತಿಜ್ಞೆ, ಆಮೇಲೆ ಶನಿವಾರದ ವಿಶೇಷ ಕ್ಲಾಸು. ಎರಡನೇ ಸಲ ಸಿಕ್ಕಿದರೆ ಟಿಸಿ.

ಅಂಥ ಒಂದು ಸೋಮವಾರ ಅವನ ಬ್ಯಾಗಿನಲ್ಲಿ ಅಜ್ಜಿಯ ಪೊಟ್ಟಣವಿತ್ತು. ಬೆರಳಿನಲ್ಲಿ ಹಿಂದಿನ ದಿನ ಕುಟ್ಟಿದ ವಾಸನೆಯಿತ್ತು. ಸರ್‌ಗೆ ಇನ್ನೇನು ಬೇಕು? ಹಿಂದಿನ ವಾರವಷ್ಟೇ ಕ್ಲಾಸಿನಲ್ಲಿ, ಯಾರ ಮನೆಯಲ್ಲಿ ತಂಬಾಕು ಬಳಸುತ್ತಾರೆ, ಕೈ ಎತ್ತಿ ಎಂದಿದ್ದರಂತೆ. ಇವನು ಎತ್ತಿರಲಿಲ್ಲ. ಇವನಿಗೂ ಅದು ತಂಬಾಕು ಎಂದು ತೋಚಿರಲಿಲ್ಲ, ನಮ್ಮ ರಕ್ತವೇ ತಾನೆ. ಹಾಗಾಗಿ ತಂಬಾಕಿನ ಜೊತೆ ಸುಳ್ಳೂ ಸೇರಿತು.

ಶಾಲೆಯಿಂದ ಫೋನು ಬಂದಾಗ ಅಣ್ಣ ನನಗೆ ಫೋನು ಮಾಡಿದ. ನಾನು ಸೀವುಡ್ಸ್‌ನಲ್ಲಿರುವವಳು, ಆಫೀಸಿನಲ್ಲಿ ನಾಲ್ಕು ಜನರ ಎದುರು ಇಂಗ್ಲಿಷು ಮಾತಾಡುವವಳು, ಹಾಗಾಗಿ ಮನೆಯ ಇಂಥ ಕೆಲಸಗಳಿಗೆಲ್ಲ ನಾನೇ ವಕೀಲೆ. ರಜೆ ಹಾಕಿ, ಠಾಣೆಯಲ್ಲಿ ಗಾಡಿ ಬದಲಿಸಿ ಹೋದೆ. ಅಣ್ಣ ಇಸ್ತ್ರಿ ಶರ್ಟು ಹಾಕಿ ಗೇಟಿನಲ್ಲಿ ನಿಂತಿದ್ದ. ಅವನ ಪಕ್ಕ ಅಮ್ಮ. ಮದುವೆಗೆ ಹೊರಟವಳ ಹಾಗೆ ಒಳ್ಳೆ ಸೀರೆ ಉಟ್ಟು, ಸೊಂಟದಲ್ಲಿ ಎಲೆಯ ಸಂಚಿ ಸಿಕ್ಕಿಸಿಕೊಂಡು ಬಂದಿದ್ದಳು.

ಮನೆಯಲ್ಲಿ ನಾವು ಆಡುವುದು ತುಳು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀನ್ಯಾಕೆ ಬಂದೆ ಎಂದು ಕೇಳಿದ್ದಕ್ಕೆ ಅಮ್ಮ ನನ್ನನ್ನೇ ಗದರಿದಳು.

"ವಸ್ತು ನನ್ನದು. ಹೇಳ್ಲಿಕ್ಕೆ ನಾನಲ್ಲದೆ ನೀನು ಬರುದಾ?"

ಪ್ರಿನ್ಸಿಪಾಲರು ಮರಾಠಿ ಹೆಂಗಸು, ನನ್ನದೇ ವಯಸ್ಸಿನವರು. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಹಿಂದಿನ ವರ್ಷ ಏಳನೇ ಕ್ಲಾಸಿನ ಮಗುವೊಂದು ಗುಟ್ಕಾ ತಿಂದು ಶಾಲೆಯಲ್ಲೇ ತಲೆತಿರುಗಿ ಬಿದ್ದಿತ್ತಂತೆ. ಆಗ ಇದೇ ತಂದೆತಾಯಂದಿರು ಬಂದು ಶಾಲೆ ನಿದ್ದೆ ಮಾಡುತ್ತಿದೆಯಾ ಎಂದು ಕೂಗಾಡಿದ್ದರು. ಈಗ ಕಟ್ಟುನಿಟ್ಟು ಮಾಡಿದರೆ ಅದಕ್ಕೂ ಕೂಗಾಟ. ಇವೆಲ್ಲ ಅವರು ಸಮಾಧಾನದಿಂದಲೇ ಹೇಳಿದರು. ನಾನು ನನ್ನ ಆಫೀಸಿನ ಇಂಗ್ಲಿಷಿನಲ್ಲಿ, ಇದು ಅಜ್ಜಿಯ ಎಲೆಯಡಿಕೆಗೆ ತಂದದ್ದು, ಹುಡುಗನಿಗೂ ಇದಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದೆ. ಅವರು ಸಣ್ಣಗೆ ನಕ್ಕರು. ಸಿಕ್ಕಿಬಿದ್ದ ಪ್ರತಿಯೊಬ್ಬನೂ ಹೀಗೇ ಹೇಳುತ್ತಾನೆ, ಪಪ್ಪಾನದು, ಕಾಕಾನದು, ವಾಚ್‌ಮನ್ನನದು, ಅಜ್ಜಿಯ ಹೆಸರು ಮಾತ್ರ ಇದೇ ಮೊದಲು ಕೇಳುತ್ತಿರುವುದು ಎಂದರು.

ಆಗ ಅಮ್ಮ ಮುಂದೆ ಬಂದು ತನ್ನ ಮಾರ್ಕೆಟ್ ಮರಾಠಿಯಲ್ಲಿ ಹೇಳಿದಳು.

"ಹೇ ಮಾಝಂ ಆಹೆ ಬಾಯಿ. ಪೋರಾಚಂ ನಾಹಿ."

ಇದು ನನ್ನದು, ಹುಡುಗನದಲ್ಲ ಎಂದು. ಪ್ರಿನ್ಸಿಪಾಲರು ಕೈಮುಗಿದು, ಆಜಿ, ಮೊಮ್ಮಗನ ಮೇಲಿನ ಪ್ರೀತಿ ನನಗೆ ಅರ್ಥವಾಗುತ್ತದೆ ಎಂದರು. ಪ್ರೀತಿಯಿಂದ ಸುಳ್ಳು ಹೇಳುತ್ತಿದ್ದೀರಿ ಎಂಬುದು ಅದರ ಅರ್ಥ. ಅಮ್ಮನಿಗೆ ಭಾಷೆ ಕಡಿಮೆ, ಅರ್ಥ ಪೂರ್ತಿ ಆಗುತ್ತಿತ್ತು. ಸೊಂಟದ ಸಂಚಿ ಬಿಚ್ಚಿದಳು. ಮನೆಯಲ್ಲೇ ಕುಟ್ಟಿ ಡಬ್ಬಿಯಲ್ಲಿ ತಂದಿದ್ದ ಎಲೆಯಡಿಕೆ ತೆಗೆದಳು, ಮೇಜಿನ ಮೇಲೆ ಸಾಕ್ಷಿಯಾಗಿ ಇಟ್ಟಿದ್ದ ಪೊಟ್ಟಣದಿಂದಲೇ ಹೊಗೆಸೊಪ್ಪಿನ ಚೂರು ಮುರಿದು ಅದರ ಜೊತೆ ಸೇರಿಸಿ ಬಾಯಿಗೆ ಹಾಕಿಕೊಂಡಳು. ಆರಾಮವಾಗಿ ದವಡೆ ಆಡಿಸುತ್ತಾ, ನೋಡಿ, ಯಾರದು ಅಂತ ಈಗ ಗೊತ್ತಾಯಿತಲ್ಲ ಎನ್ನುವ ಹಾಗೆ ನಿಂತಳು. ಅವಳ ತಲೆಯ ಮೇಲುಗಡೆ ಗೋಡೆಯಲ್ಲಿ ಅಡ್ಡಗೆರೆ ಹೊಡೆದ ಸಿಗರೇಟಿನ ಚಿತ್ರ.

ಬಾಗಿಲಲ್ಲಿದ್ದ ಪ್ಯೂನು ಬಾಯಿಗೆ ಕೈ ಇಟ್ಟುಕೊಂಡ. ನನಗೆ ಒಂದು ಕ್ಷಣ ನಗು ಬಂದದ್ದೂ ನಿಜ. ಆದರೆ ಪ್ರಿನ್ಸಿಪಾಲರ ಮುಖ ನೋಡಿದಾಗ ಕೆಲಸ ಕೆಟ್ಟಿತು ಎಂದು ತಿಳಿಯಿತು. ಅಲ್ಲಿಯವರೆಗೆ ಅದು ಒಬ್ಬ ಹುಡುಗನ ತಪ್ಪಾಗಿತ್ತು. ಈಗ ಇಡೀ ಮನೆಯ ತಪ್ಪಾಯಿತು. ಇಂಥ ವಾತಾವರಣದಲ್ಲಿ ಬೆಳೆದ ಮಗು ಇನ್ನೇನು ಕಲಿಯುತ್ತದೆ ಎಂದು ಅಣ್ಣನನ್ನು ಕೇಳಿದರು. ಮನೆ ತಂಬಾಕುಮುಕ್ತವಾಗುತ್ತದೆ ಎಂದು ತಂದೆಯಾಗಿ ಈಗ ಇಲ್ಲಿ ಮಾತು ಕೊಡಿ, ಇಲ್ಲದಿದ್ದರೆ ಮುಂದಿನ ವರ್ಷ ಹತ್ತನೆಗೆ ಬೇರೆ ಶಾಲೆ ನೋಡಿಕೊಳ್ಳಿ ಎಂದರು. ಅಣ್ಣ ಅಮ್ಮನ ಕಡೆ ನೋಡದೆಯೇ ಮಾತು ಕೊಟ್ಟ. ಅಮ್ಮ ಬಾಯಿಯಲ್ಲಿದ್ದದ್ದನ್ನು ಕರವಸ್ತ್ರಕ್ಕೆ ಉಗುಳಿ ಗಂಟು ಕಟ್ಟಿಕೊಂಡಳು. ಅದೇ ಅವಳ ಕೊನೆಯ ಹೊಗೆಸೊಪ್ಪು.

ಬಿಡುವುದು ಸುಲಭ ಎಂದುಕೊಳ್ಳಬೇಡಿ. ಮದುವೆಯಾಗಿ ಬಂದಾಗಿನ ಅಭ್ಯಾಸ. ತಲೆನೋವು, ಹೊಟ್ಟೆ ಕಟ್ಟುವುದು, ಊಟವಾದ ಮೇಲೆ ಕೈ ತಾನಾಗಿ ಸೊಂಟಕ್ಕೆ ಹೋಗಿ ಅಲ್ಲೇ ನಿಲ್ಲುವುದು. ಸುಮ್ಮಸುಮ್ಮನೆ ಅಳು ಬರುತ್ತಿತ್ತಂತೆ, ಅಳುವಾಗ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದಳು. ಎಲೆಯಡಿಕೆಯನ್ನೂ ಬಿಟ್ಟಳು. ಹೊಗೆಸೊಪ್ಪಿಲ್ಲದ ಎಲೆ ಉಪ್ಪಿಲ್ಲದ ಗಂಜಿ ಎಂದಳು. ದವಡೆಯಲ್ಲಿ ಒಂದು ಲವಂಗ ಇಟ್ಟುಕೊಂಡು ಕೂರುತ್ತಿದ್ದಳು. ಕುಟ್ಟಾಣಿಯನ್ನು ಅತ್ತಿಗೆ ತೊಳೆದು ಅಟ್ಟಕ್ಕೆ ಹಾಕಿದಳು. ಕುಟ್ಟುವ ಕೆಲಸ ಇಲ್ಲದ ಮೇಲೆ ಹುಡುಗನಿಗೆ ಮಂಚದ ಹತ್ತಿರ ಕೂರುವ ಕಾರಣವೂ ಇರಲಿಲ್ಲ. ಬಂದವನೇ ಮೊಬೈಲು ಹಿಡಿದು ರೂಮಿಗೆ ಹೋಗುತ್ತಿದ್ದ. ನಾನು ಹೋದಾಗೆಲ್ಲ ಅಮ್ಮ ಕೇಳುತ್ತಿದ್ದದ್ದು ಒಂದೇ. ಅವನಿಗೆ ಶಾಲೆಯಲ್ಲಿ ಈಗ ಹೇಗೆ ಉಂಟಂತೆ, ನಿನ್ನ ಹತ್ತಿರ ಏನಾದರೂ ಹೇಳಿದನಾ?

ಹೇಗಿತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ಆಮೇಲೆ, ಅವನ ಬಾಯಿಂದಲೇ. ಎಲ್ಲರ ಮುಂದೆ ನಿಂತು, ಇನ್ನು ಮುಂದೆ ತಂಬಾಕು ಮುಟ್ಟುವುದಿಲ್ಲ ಎಂದು ಮರಾಠಿಯಲ್ಲಿ ಪ್ರತಿಜ್ಞೆ ಮಾಡಿದ. ಮುಟ್ಟದವನು ಏನು ಬಿಡುವುದು? ಅವತ್ತಿನಿಂದ ಅವನ ಹೆಸರು ಹೋಗಿ 'ತಂಬಾಖೂ' ಎಂದಾಯಿತು. ಕ್ರಿಕೆಟ್ಟಿನಲ್ಲಿ ಕ್ಯಾಚು ಬಿಟ್ಟರೂ ತಂಬಾಖೂ, ಗಣಿತದಲ್ಲಿ ಜಾಸ್ತಿ ಮಾರ್ಕು ಬಂದರೂ ತಂಬಾಖೂ. ಶನಿವಾರ ಶಾಲೆ ಬಿಟ್ಟ ಮೇಲೆ ಚಿತ್ರಕಲೆಯ ರೂಮಿನಲ್ಲಿ ವಿಶೇಷ ಕ್ಲಾಸು. ಕೊಳೆತ ಬಾಯಿಗಳ ಅದೇ ವಿಡಿಯೋ ಪ್ರತಿ ವಾರ. ಮಾತಾಡಿಸಬೇಕಾದ ಸರ್ ಹಿಂದಿನ ಬೆಂಚಿನಲ್ಲಿ ಪೇಪರು ತಿದ್ದುತ್ತಿದ್ದರು. ಅಲ್ಲಿ ಇವನ ಜೊತೆ ಕೂರುತ್ತಿದ್ದವರು ಹತ್ತನೆಯ ಮೂವರು ಹುಡುಗರು, ನಿಜವಾಗಿ ಸೇದುವವರು. ಅಲ್ಲಿಯವರೆಗೆ ಅವನಿಗೆ ಸಿಗರೇಟು ಸೇದುವ ಒಬ್ಬ ಹುಡುಗನೂ ಗೊತ್ತಿರಲಿಲ್ಲ. ಶಾಲೆಯೇ ಹುಡುಕಿ, ಕರೆದು, ಪಕ್ಕದಲ್ಲಿ ಕೂರಿಸಿ ಪರಿಚಯ ಮಾಡಿಸಿತು.

ಆ ಮೂವರು ಮಾತ್ರ ಅವನನ್ನು ಹೆಸರು ಹಿಡಿದು ಕರೆದರು. ಕ್ಲಾಸು ಮುಗಿದ ಮೇಲೆ ಗೆರೆಯ ಆಚೆಯ ಟಪರಿಗೆ ಹೋಗುವಾಗ ಇವನನ್ನೂ ಕರೆದರು. ಮೊದಲು ಚಹಾ ಮಾತ್ರ ಕುಡಿದನಂತೆ. ಆಮೇಲೆ, ಹೇಗೂ ಹೆಸರು ಬಂದಾಗಿದೆ ಎಂದುಕೊಂಡನಂತೆ. ಇದರಲ್ಲಿ ದೊಡ್ಡ ರಹಸ್ಯವೇನೂ ಇಲ್ಲ. ನಿಯಮ ಬಂದ ಮೇಲೆ ಹುಡುಗರು ಶಾಲೆಯ ಶೌಚಾಲಯದಲ್ಲಿ ಸೇದುವುದು ನಿಂತದ್ದು ನಿಜ. ಅದು ಗೆರೆ ದಾಟಿ ಹೋಗಿತ್ತು, ಹೋಗುವಾಗ ನಮ್ಮ ಹುಡುಗನನ್ನೂ ಕರೆದುಕೊಂಡು ಹೋಗಿತ್ತು, ಅಷ್ಟೆ.

ಹೊಗೆಸೊಪ್ಪಿನ ಪರವಾಗಿ ವಾದ ಮಾಡುತ್ತಿದ್ದೇನೆ ಎಂದು ಯಾರೂ ಕಾಮೆಂಟು ಹಾಕಬೇಡಿ. ಅಮ್ಮನ ಬಾಯಿ ನೋಡಿದ ಹಲ್ಲಿನ ಡಾಕ್ಟರು ಕೆನ್ನೆಯ ಒಳಗೆ ಬಿಳಿ ಮಚ್ಚೆ ಇತ್ತು, ಬಿಟ್ಟದ್ದು ಒಳ್ಳೆಯದಾಯಿತು, ಈಗ ಕಡಿಮೆಯಾಗುತ್ತಿದೆ ಎಂದಿದ್ದರು. ಶಾಲೆ ತಂಬಾಕಿನ ಬಗ್ಗೆ ಹೇಳಿದ್ದು ಅಕ್ಷರಶಃ ಸರಿ. ಹುಡುಗನ ಬಗ್ಗೆ ತಿಳಿದದ್ದು ತಪ್ಪು. ಆ ಒಂದು ನಿಯಮದಿಂದ ನಮ್ಮ ಮನೆಯಲ್ಲಿ ತಂಬಾಕು ಬಿಟ್ಟವಳು ಒಬ್ಬಳು, ಹಿಡಿದವನು ಒಬ್ಬ.

ಅಮ್ಮನಿಗೆ ಅದು ಎಲ್ಲರಿಗಿಂತ ಮೊದಲು ಗೊತ್ತಾಯಿತು. ಅವನು ಮನೆಗೆ ಬರುವ ಮೊದಲು ಹೋಟೆಲಿಗೆ ಹೋಗಿ, ಗಲ್ಲಾದ ಮೇಲೆ ಗಿರಾಕಿಗಳಿಗೆ ಇಟ್ಟ ಸೋಂಪು ಸಕ್ಕರೆಯನ್ನು ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡು ಬರುತ್ತಿದ್ದ. ಮಗ ಹೋಟೆಲಿಗೆ ಬಂದು ಹೋಗುತ್ತಾನೆ, ವ್ಯಾಪಾರದಲ್ಲಿ ಆಸಕ್ತಿ ಬಂದಿದೆ ಎಂದು ಅಣ್ಣನಿಗೆ ಖುಷಿ. ಜೀವನವಿಡೀ ಬಾಯಿಯಲ್ಲಿ ಏನಾದರೊಂದು ಇಟ್ಟುಕೊಂಡು ಬದುಕಿದವಳಿಗೆ ಸೋಂಪು ಯಾತಕ್ಕೆ ಎಂದು ತಿಳಿಯಲು ಎಷ್ಟು ಹೊತ್ತು ಬೇಕು? ಆದರೆ ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಣ್ಣ ಶಾಲೆಗೇ ಓಡುತ್ತಿದ್ದ. ಶಾಲೆಗೆ ಗೊತ್ತಾದರೆ ಟಿಸಿ. ಹತ್ತನೇ ಕ್ಲಾಸಿನ ನಡುವೆ ಟಿಸಿ ಹಿಡಿದುಕೊಂಡು ಬಂದವನನ್ನು ಯಾವ ಶಾಲೆ ಸೇರಿಸಿಕೊಳ್ಳುತ್ತದೆ?

ಮುಂದಿನದನ್ನು ಅಣ್ಣ ಹೇಳಿದ್ದು, ಅಮ್ಮ ಹೇಳಿದ್ದು, ಹುಡುಗ ಹೇಳಿದ್ದು, ಮೂರನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಅವನು ಹತ್ತನೆಗೆ ಬಂದ ಮೇಲಿನ ಮಾತು, ಅದೂ ಒಂದು ಸೋಮವಾರ. ಹುಡುಗ ಸ್ನಾನಕ್ಕೆ ಹೋಗಿದ್ದಾಗ ಅಮ್ಮ ಅವನ ಬ್ಯಾಗಿನಲ್ಲಿ ಕೈಯಾಡಿಸಿದಳು. ಸಿಗರೇಟಿನ ಪ್ಯಾಕೆಟ್ಟು ಸಿಕ್ಕಿತು. ತೆಗೆದು, ಈಗ ಮಾತ್ರೆ ಇಡುತ್ತಿದ್ದ ತನ್ನ ಹಳೆ ಎಲೆಡಬ್ಬಿಯಲ್ಲಿ, ಬಿಪಿ ಮಾತ್ರೆಗಳ ಕೆಳಗೆ ಮುಚ್ಚಿಟ್ಟಳು. ಅವನು ಶಾಲೆಗೆ ಹೋದ, ತಪಾಸಣೆಯಲ್ಲಿ ಪಾರಾದ. ಬ್ಯಾಗಿನಲ್ಲಿ ಇರಬೇಕಾದದ್ದು ಇಲ್ಲ ಎಂದು ದಿನವಿಡೀ ಬೆವರಿದ. ಸಂಜೆ ಮನೆಗೆ ಬಂದಾಗ ಅಣ್ಣ ಮಧ್ಯಾಹ್ನದ ನಿದ್ದೆ ಮುಗಿಸಿ ಹೋಟೆಲಿಗೆ ಹೊರಟಿದ್ದ. ಅಮ್ಮ ಮಾತ್ರೆ ತೆಗೆದುಕೊಂಡಿದ್ದಾಳೋ ಇಲ್ಲವೋ ನೋಡುತ್ತೇನೆ ಎಂದು ಡಬ್ಬಿ ತೆರೆದ. ಅಂಥ ಮಗ ಅವನು, ಅದನ್ನೂ ಹೇಳಬೇಕು. ಪ್ಯಾಕೆಟ್ಟು ಅವನ ಕೈಗೆ ಬಂತು. ಹುಡುಗ ಬಾಗಿಲಲ್ಲಿ ಚಪ್ಪಲಿ ಬಿಚ್ಚುತ್ತಿದ್ದ.

ಅಣ್ಣ ಮೊದಲು ಮಗನ ಕಡೆಗೇ ತಿರುಗಿದ. ಆಗ ಅಮ್ಮ ಹೇಳಿದಳು.

"ಅವನನ್ನೆಂತ ನೋಡುದು? ಅದು ನನ್ನದು."

ಅಣ್ಣನಿಗೆ ಅರ್ಥವಾಗಲಿಲ್ಲ. ನಿನ್ನದು ಎಂದರೆ?

"ನನ್ನದು ಅಂದ್ರೆ ನನ್ನದು. ಹೊಗೆಸೊಪ್ಪು ನೀವು ಬಿಡಿಸಿದ್ರಿ. ನನಗೆ ತಡಿಲಿಕ್ಕೆ ಆಗ್ಲಿಲ್ಲ. ದೇವಸ್ಥಾನಕ್ಕೆ ಹೋದಾಗ ಕೆಳಗಿಂದ ತಂದೆ."

ಇದನ್ನು ಅಣ್ಣ ನಂಬಿದ. ನನಗೆ ಇವತ್ತಿಗೂ ಸಂಕಟವಾಗುವುದು ಇಲ್ಲೇ. ಪ್ರಿನ್ಸಿಪಾಲರ ರೂಮಿನಲ್ಲಿ ಅವಳು ಸತ್ಯ ಹೇಳಿದಳು, ಬಾಯಿಗೆ ಹಾಕಿ ತೋರಿಸಿದಳು, ಒಬ್ಬರೂ ನಂಬಲಿಲ್ಲ. ಇಲ್ಲಿ ಸುಳ್ಳು ಹೇಳಿದಳು, ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಎರಡನೇ ಪ್ರಶ್ನೆ ಕೇಳದೆ ನಂಬಿದ. ಚಟದವರು ಎಂತದ್ದೂ ಮಾಡುತ್ತಾರೆ ಎಂದು ಆ ಶಾಲೆಯೇ ಅವನಿಗೆ ಕಲಿಸಿತ್ತು. ಅಣ್ಣ ಬಹಳ ಹೊತ್ತು ಬೈದ. ಈ ವಯಸ್ಸಿನಲ್ಲಿ ನಾಚಿಕೆಯಿಲ್ಲವಾ, ಪಕ್ಕದ ಫ್ಲಾಟಿನವರು ಏನು ಹೇಳಿಯಾರು, ಮೊಮ್ಮಗನ ಭವಿಷ್ಯಕ್ಕೆ ಬೆಂಕಿ ಇಡುತ್ತೀಯಾ ಎಂದ. ಅತ್ತಿಗೆ ಅಡಿಗೆಮನೆಯಲ್ಲಿ ಅತ್ತಳು. ಅಮ್ಮ ಮಂಚದ ಅಂಚಿನಲ್ಲಿ ಕೂತು ತಲೆಯಾಡಿಸುತ್ತಿದ್ದಳು. ಹುಡುಗ ತುಟಿ ಬಿಚ್ಚಲಿಲ್ಲ.

ಅಣ್ಣ ನನಗೆ ಫೋನು ಮಾಡಿದಾಗ ನಾನು ಕೂಗಿದೆ.

"ತಲೆ ಸಮ ಉಂಟಾ ನಿನಗೆ? ಊದುಬತ್ತಿಗೇ ಕೆಮ್ಮುವವಳು ಸಿಗರೇಟು ಸೇದುದಾ?"

"ಅವಳ ಹತ್ರವೇ ಕೇಳು" ಎಂದು ಫೋನು ಕೊಟ್ಟ. ಅಮ್ಮ ಹೌದು ಎಂದಳು. ಅಷ್ಟೇ ಹೇಳಿ ವಾಪಸು ಕೊಟ್ಟಳು.

ಹತ್ತನೇ ಪರೀಕ್ಷೆ ಮುಗಿಯುವವರೆಗೆ ಅಮ್ಮ ನಿನ್ನ ಹತ್ತಿರ ಇರಲಿ, ಹುಡುಗನ ಬಟ್ಟೆಗೆ ವಾಸನೆ ತಾಗಿದರೂ ಶಾಲೆಯವರು ಬಿಡುವುದಿಲ್ಲ ಎಂದ ಅಣ್ಣ. ಅವಳು ಒಂದು ಬ್ಯಾಗು ಹಿಡಿದು ಸೀವುಡ್ಸ್‌ಗೆ ಬಂದಳು. ನಮ್ಮದು ಎತ್ತರದ ಕಟ್ಟಡ, ಕೆಳಗೆ ಯಾರು ಬಂದರು ಹೋದರು ಎಂದು ಕಾಣುವುದಿಲ್ಲ. ಡೊಂಬಿವಲಿಯಲ್ಲಿ ಅವಳಿಗೆ ದೇವಸ್ಥಾನದ ಗೆಳತಿಯರಿದ್ದರು, ತರಕಾರಿಯವಳ ಜೊತೆ ಜಗಳವಿತ್ತು. ಇಲ್ಲಿ ಟಿವಿ ಇತ್ತು. ಸಂಜೆ ಹುಡುಗ ಶಾಲೆಯಿಂದ ಬರುವ ಹೊತ್ತಿಗೆ ಫೋನು ಹಚ್ಚಿಕೊಡು ಎನ್ನುತ್ತಿದ್ದಳು. ಅವನು, ಹಾಂ ಅಜ್ಜಿ, ಠೀಕ್ ಹೈ ಅಜ್ಜಿ, ರಖ್ತಾ ಹೂಂ ಅಜ್ಜಿ, ಸರಿ, ಫೋನಿಡುತ್ತೇನೆ ಎಂದು ಇಷ್ಟರಲ್ಲೇ ಮುಗಿಸುತ್ತಿದ್ದ. ಅವಳು ಫೋನು ನನ್ನ ಕೈಗೆ ಕೊಡುತ್ತಾ, ಓದುವುದು ತುಂಬ ಇರಬೇಕು ಎನ್ನುತ್ತಿದ್ದಳು.

ಬಂದ ತಿಂಗಳಲ್ಲೇ ನಾನು ನೇರವಾಗಿ ಕೇಳಿದೆ. ನನ್ನ ಎದುರು ಸುಳ್ಳು ನಡೆಸುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಎಲ್ಲ ಹೇಳಿದಳು. ಹೇಳಿ, ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಅವನು ಶಾಲೆ ಮುಗಿಸಿ ಹೊರಗೆ ಬರುವವರೆಗೆ ನೀನು ಬಾಯಿ ಬಿಡ್ಬಾರ್ದು. ಆಮೇಲೆ ಅವನೇ ಹೇಳ್ತಾನೆ. ಹೇಳದೆ ಇರುವ ಮಗು ಅಲ್ಲ ಅದು."

ಅವನು ಒಳ್ಳೆಯ ಮಾರ್ಕು ತೆಗೆದು ಪಾಸಾದ. ಬೀಳ್ಕೊಡುಗೆಯ ದಿನ ಎಲ್ಲರ ಜೊತೆ ತಂಬಾಕುಮುಕ್ತ ಶಾಲೆಯ ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಆ ಫೋಟೋ ಅಮ್ಮ ನನ್ನ ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು. ಕಲ್ಯಾಣದ ಕಾಲೇಜಿಗೆ ಸೇರಿದ. ಅಮ್ಮನನ್ನು ವಾಪಸು ಕರೆದುಕೊಂಡು ಹೋಗುವ ಮಾತು ದಸರಾಕ್ಕೆ, ಆಮೇಲೆ ದೀಪಾವಳಿಗೆ ಎಂದು ಮುಂದೆ ಹೋಯಿತು. ಅಣ್ಣನಿಗೆ ಸಿಟ್ಟು ಇಳಿದಿತ್ತು, ಮುಜುಗರ ಇಳಿದಿರಲಿಲ್ಲ. ಹುಡುಗ ಒಮ್ಮೆಯೂ ಸೀವುಡ್ಸ್‌ಗೆ ಬರಲಿಲ್ಲ. ಅವಳು ಒಮ್ಮೆಯೂ ಅವನನ್ನು ದೂರಲಿಲ್ಲ. ದೀಪಾವಳಿಗೆ ಮೊದಲೇ, ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡಳು. ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಹೋದಳು.

ಉತ್ತರಕ್ರಿಯೆ ಡೊಂಬಿವಲಿಯ ಒಂದು ಹಾಲ್‌ನಲ್ಲಿ ಆಯಿತು. ಸತ್ತವರ ಹೆಸರಿನಲ್ಲಿ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುವುದು ನಮ್ಮ ಪದ್ಧತಿ. ಅಣ್ಣ ಯಾವುದನ್ನೂ ಮರೆತಿರಲಿಲ್ಲ. ಕಡುಬು, ಗಂಜಿ, ಉಪ್ಪಿನಕಾಯಿ, ತಾನೇ ಬಿಡಿಸಿದ್ದ ಎಲೆಯಡಿಕೆ, ಹೊಗೆಸೊಪ್ಪು. ಎಲ್ಲ ಬಡಿಸಿದ ಮೇಲೆ ಕಿಸೆಯಿಂದ ಒಂದು ಸಿಗರೇಟು ತೆಗೆದು ಎಲೆಯ ತುದಿಯಲ್ಲಿಟ್ಟ, ಪಕ್ಕದಲ್ಲಿ ಬೆಂಕಿಪೆಟ್ಟಿಗೆ. ಕೂತವರಲ್ಲಿ ಸಣ್ಣ ನಗು ಹರಿಯಿತು. ಅಣ್ಣ ನಗಲಿಲ್ಲ, ಅವನ ಕಣ್ಣು ತುಂಬಿತ್ತು.

"ಬದುಕಿದ್ದಾಗ ಬೈದೆ. ಈಗಾದ್ರೂ ತೆಗೊಳ್ಳಲಿ."

ಇಷ್ಟು ಹೇಳಿ ಮಗನನ್ನು ಹತ್ತಿರ ಎಳೆದು ಹೆಗಲ ಮೇಲೆ ಕೈ ಹಾಕಿ, ನೀನು ಮಾತ್ರ ಅಜ್ಜಿಯ ಹಾಗೆ ಚಟಕ್ಕೆ ಬೀಳಬೇಡ ಎಂದ. ಹುಡುಗ ಆ ಎಲೆಯನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಊಟಕ್ಕೆ ಕೂರಲಿಲ್ಲ.

ಹೋದ ಭಾನುವಾರ ಅವನು ಒಬ್ಬನೇ ಸೀವುಡ್ಸ್‌ಗೆ ಬಂದ. ನೀರು ಕುಡಿಯಲಿಲ್ಲ, ಕೂರಲಿಲ್ಲ. ಅತ್ತೆಯನ್ನು ತುಳುವಿನಲ್ಲಿ ಕರೆಯುವ ಹಾಗೆ ಮಾಮಿ ಎಂದು ಕರೆದ.

"ಮಾಮಿ, ವೋ ಪ್ಯಾಕೆಟ್ ಮೇರಾ ಥಾ."

ಆ ಪ್ಯಾಕೆಟ್ಟು ತನ್ನದು ಎಂದು. ಗೊತ್ತು ಎಂದೆ. ಅಜ್ಜಿ ಹೇಳಿದರಾ ಎಂದು ಕೇಳಿದ. ಹೌದು ಎಂದಾಗ ಸೋಫಾದ ಮೇಲೆ ಕೂತ. ಇಷ್ಟು ದಿನ ಯಾರಿಗೂ ಗೊತ್ತಿಲ್ಲ ಎಂದುಕೊಂಡೇ ಹೊತ್ತುಕೊಂಡಿದ್ದ. ಶನಿವಾರದ ಕ್ಲಾಸು, ಮೂವರು ಹುಡುಗರು, ಟಪರಿ, ಸೋಂಪು, ಎಲ್ಲ ಅವತ್ತು ಹೇಳಿದ್ದು. ಈಗಲೂ ಸೇದುತ್ತೀಯಾ ಎಂದು ಕೇಳಿದೆ. ಹಾಂ ಎಂದ. ಸುಳ್ಳು ಹೇಳಲಿಲ್ಲ. ಆಮೇಲೆ, ಅಜ್ಜಿ ಒಂದೇ ದಿನದಲ್ಲಿ ಹೇಗೆ ಬಿಟ್ಟರು ಎಂದು ಕೇಳಿದ. ಒಂದೇ ದಿನದಲ್ಲಿ ಅಲ್ಲ ಮಗ ಎಂದೆ. ಬಚ್ಚಲಿನ ನಲ್ಲಿಯ ವಿಷಯ ಹೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ. ಪಕ್ಕದ ರೂಮಿನ ಹುಡುಗನಿಗೆ.

ಅಪ್ಪನಿಗೆ ನೀನೇ ಹೇಳು ಎಂದೆ. ಹಾಲ್‌ನಲ್ಲಿ ಹೇಳಲಿಕ್ಕೆಂದೇ ಹತ್ತಿರ ಹೋಗಿದ್ದನಂತೆ, ಅಣ್ಣ ಹೆಗಲಿಗೆ ಕೈ ಹಾಕಿದ ಮೇಲೆ ಮಾತು ಹೊರಡಲಿಲ್ಲವಂತೆ.

"ನೀವು ಎಲ್ಲ ಬರೀತೀರಲ್ಲ ಮಾಮಿ. ಪಪ್ಪಾ ಓದ್ತಾರೆ, ಹೋಟೆಲಲ್ಲಿ ಎಲ್ಲರಿಗೂ ಓದಿ ಹೇಳ್ತಾರೆ. ಇದನ್ನೂ ಬರೀರಿ. ಅಜ್ಜಿ ಸೇದ್ಲಿಲ್ಲ ಅಂತ ಬರೀರಿ."

ಅವನಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ನಿನ್ನೆ ಫೋನಿನಲ್ಲಿ ಇದನ್ನೆಲ್ಲ ಅವನಿಗೆ ಓದಿ, ಅರ್ಥವಾಗದ ಕಡೆ ಹಿಂದಿಯಲ್ಲಿ ಹೇಳಿದೆ. ಎಲ್ಲ ಕೇಳಿದ. ಒಂದೇ ಒಂದು ಕಡೆ ತಡೆದ. ಅಣ್ಣ ಅಮ್ಮನನ್ನು ಬೈಯುವಾಗ 'ಹುಡುಗ ಹೆದರಿ ತುಟಿ ಬಿಚ್ಚಲಿಲ್ಲ' ಎಂದು ಬರೆದಿದ್ದೆ.

"ಡರ್ ನಹೀ ಥಾ, ಮಾಮಿ. ಅಜ್ಜಿ ನನ್ನದು ಅಂದ್ರಲ್ಲ, ಆಗ ನನಗೆ ಹಗುರ ಆಯ್ತು. ಒಳಗೆ ಹೋಗಿ ಹೊಟ್ಟೆ ತುಂಬ ತಿಂದೆ. ಹಾಗೇ ಬರೀರಿ."

ಹೆದರಿ ಎಂಬುದನ್ನು ತೆಗೆದಿದ್ದೇನೆ.

ಅಣ್ಣ, ಇದನ್ನು ಗಲ್ಲಾದಲ್ಲಿ ಕೂತು ಗಟ್ಟಿಯಾಗಿ ಓದಲು ಶುರು ಮಾಡಿದ್ದರೆ ನಿಲ್ಲಿಸು. ಹೋಟೆಲು ಯಾರಿಗಾದರೂ ಒಪ್ಪಿಸಿ ಮನೆಗೆ ಹೋಗು. ಅವನು ಇವತ್ತು ಕಾಲೇಜಿಗೆ ಹೋಗಿಲ್ಲ. ನೀನು ಬರುತ್ತೀಯೆಂದು ಕೂತಿದ್ದಾನೆ.